ಟಿಪ್ಪುವಿನ ಕಾಲಾಳುಗಳಿಗೆ ಕಾಂಟ್ರಾಸ್ಟ್ ಬಣ್ಣ ಒಗ್ಗುತ್ತದೆಯೇ?

ಗಂಜಾಂನವನು

1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕೆಂದು 28 ಮಿ.ಮೀ. ಅಳತೆಯ ಲೋಹದ ಗೊಂಬೆಗಳನ್ನು ಕೂಡಿಸುತ್ತಿದ್ದೇನೆ. ಮೈಸೂರಿನ ಕಡೆಗೆ ಹುಲಿಪಟ್ಟೆಯ ಅಂಗಿ ತೊಟ್ಟ ಕಾಲಾಳುಗಳು, ರಾಕೆಟ್ ಹಾರಿಸುವವರು ಮತ್ತು ಎತ್ತುಗಳು ಎಳೆಯುವ ಫಿರಂಗಿಗಳಿವೆ. ಎದುರು ಪಕ್ಷಕ್ಕೆ ವೆಲ್ಲೆಸ್ಲಿಯ 33ನೆಯ ರೆಜಿಮೆಂಟ್ ಮತ್ತು ಮದ್ರಾಸಿನ ಸಿಪಾಯಿಗಳಿದ್ದಾರೆ. ಮೂಲಬಣ್ಣ ಹಚ್ಚಿ, ಅದರ ಮೇಲೆ ನೆರಳಿಗಾಗಿ ವಾಶ್ ಎಂಬ ತೆಳುಬಣ್ಣ ಹರಿಸಿ, ಕೊನೆಗೆ ಉಬ್ಬುಗಳಿಗೆ ತಿಳಿಬಣ್ಣದ ಪದರ ಕೊಡುವ ಹಳೆಯ ಕ್ರಮದಲ್ಲಿ ಇಷ್ಟು ದೊಡ್ಡ ಸೈನ್ಯವನ್ನು ಮುಗಿಸುವುದು ನೌಕರಿಯಲ್ಲಿರುವವರಿಗೆ ಕಷ್ಟ. ಆದ್ದರಿಂದ ಒಂದೇ ಲೇಪದಲ್ಲಿ ನೆರಳನ್ನೂ ಬೆಳಕನ್ನೂ ಕೊಡುವ ಕಾಂಟ್ರಾಸ್ಟ್ ಜಾತಿಯ ಬಣ್ಣಗಳನ್ನು ಕೊಂಡಿದ್ದೇನೆ.

ರುಮಾಲಿನ ಸುತ್ತುಗಳಲ್ಲಿ ಮತ್ತು ಇಜಾರದ ನೆರಿಗೆಗಳಲ್ಲಿ ಈ ಬಣ್ಣ ಕೂರುವ ರೀತಿ ನಿಜಕ್ಕೂ ಸೊಗಸಾಗಿದೆ. ಆದರೆ ಬೆನ್ನಿನ ಸಪಾಟು ಭಾಗದಲ್ಲಿ ಮತ್ತು ಕಾರ್ತೂಸು ಪೆಟ್ಟಿಗೆಯ ಮುಚ್ಚಳದ ಮೇಲೆ ಅದು ಮಡುಗಟ್ಟಿ, ಒಣಗಿದ ಮೇಲೆ ಅಂಚಿನಲ್ಲಿ ಗೆರೆಯಾಗಿ ಉಳಿಯುತ್ತದೆ. ಇದನ್ನು ತಡೆಯುವುದು ಹೇಗೆ? ಅಂಗಿಯ ಮೇಲಿನ ಬಿಳಿ ಬಬ್ರಿ (ಹುಲಿಪಟ್ಟೆ) ಗುರುತುಗಳನ್ನು ಬಣ್ಣಕ್ಕೆ ಮೊದಲು ಬರೆಯಬೇಕೇ, ಆಮೇಲೆ ಬರೆಯಬೇಕೇ? ಅಂಗಿಯ ನೇರಳೆ ಬಣ್ಣದ ಛಾಯೆಯನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಸಣ್ಣಕುಂಚ

ಈ ಬಣ್ಣ ಕೆಲಸ ಮಾಡುವ ಬಗೆ ತಿಳಿದರೆ ಮೊದಲ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಇದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ಆದರೂ ಇದರಲ್ಲಿ ವರ್ಣದ್ರವ್ಯ ಕಡಿಮೆ, ಅದನ್ನು ಹೊತ್ತೊಯ್ಯುವ ಪಾರದರ್ಶಕ ಮಾಧ್ಯಮ ಹೆಚ್ಚು. ಮಾಧ್ಯಮವು ನಿಧಾನವಾಗಿ ಒಣಗುವುದರಿಂದ ಬಣ್ಣ ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ಸೇರಿಕೊಳ್ಳುತ್ತದೆ. ತಗ್ಗಿನಲ್ಲಿ ದಪ್ಪವಾದ ಪದರ ಗಾಢವಾಗಿ ಕಾಣುತ್ತದೆ, ಉಬ್ಬಿನಲ್ಲಿ ತೆಳುವಾದ ಪದರದಡಿಯಿಂದ ಬಿಳಿ ಪ್ರೈಮರ್, ಅಂದರೆ ಮೊದಲು ಹಚ್ಚಿದ ಅಡಿಲೇಪ, ಇಣುಕುತ್ತದೆ. ಸಪಾಟಾದ ಮುಚ್ಚಳದಲ್ಲಿ ತಗ್ಗೂ ಇಲ್ಲ, ಉಬ್ಬೂ ಇಲ್ಲ. ಬಣ್ಣಕ್ಕೆ ಹೋಗಲು ಬೇರೆ ಜಾಗವಿಲ್ಲದೆ ಅಲ್ಲಿಯೇ ನಿಲ್ಲುತ್ತದೆ.

ಬಣ್ಣ ಹಚ್ಚಿದ ಕೂಡಲೇ ಗೊಂಬೆಯನ್ನು ಕೆಳಗಿಡಬೇಡಿ. ಇನ್ನೊಂದು ಕುಂಚವನ್ನು ಒದ್ದೆ ಮಾಡಿ, ಬಟ್ಟೆಗೆ ಒತ್ತಿ, ಮಡುಗಟ್ಟಿದ ಕಡೆ ಅದರ ತುದಿಯನ್ನು ತಾಗಿಸಿದರೆ ಹೆಚ್ಚಿನ ಬಣ್ಣವನ್ನು ಅದು ಹೀರಿಕೊಳ್ಳುತ್ತದೆ. ಅರ್ಧ ಒಣಗಿದ ಪದರವನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಉಜ್ಜಬಾರದು, ಏಕೆಂದರೆ ಆಗ ಪದರವೇ ಹರಿದು ಬರುತ್ತದೆ. ಅರ್ಧ ಗಂಟೆಯಾದರೂ ಬಿಟ್ಟು, ಪೂರ್ತಿ ಒಣಗಿದ ಮೇಲೆ ತಿದ್ದಬೇಕು.

ಬತೇರಿ

ಕಾರ್ತೂಸು ಪೆಟ್ಟಿಗೆಗೆ ಕಾಂಟ್ರಾಸ್ಟ್ ಏಕೆ ಬೇಕು? ಸಾಮಾನ್ಯ ಕಪ್ಪು ಹಚ್ಚಿ, ಅಂಚಿಗೆ ಬೂದುಬಣ್ಣದ ಒಂದು ಗೆರೆ ಎಳೆದರೆ ಕೆಲಸ ಮುಗಿಯಿತು.

ಹಳೆಯಕ್ರಮ

ನಾನು ಈ ಹೊಸ ಬಣ್ಣಗಳನ್ನು ಒಪ್ಪುವುದಿಲ್ಲ. ಕಾರಣವನ್ನೂ ಹೇಳುತ್ತೇನೆ. ಒಂದು ಅಂಗಿಗೆ ನೆರಳು ಎಲ್ಲಿ ಬೀಳಬೇಕು, ಬೆಳಕು ಎಲ್ಲಿ ತಾಗಬೇಕು ಎಂಬುದನ್ನು ನಿರ್ಧರಿಸುವುದೇ ಚಿತ್ರಿಸುವವನ ಕೆಲಸ. ಆ ನಿರ್ಧಾರವನ್ನು ಸೀಸೆಯೊಳಗಿನ ದ್ರವಕ್ಕೆ ಒಪ್ಪಿಸಿದರೆ ಶಿಲ್ಪಿ ಕೊರೆದ ತಗ್ಗುಗಳು ಎಲ್ಲಿವೆಯೋ ಅಲ್ಲೆಲ್ಲ ನೆರಳು ಬೀಳುತ್ತದೆ, ಬೆಳಕಿನ ದಿಕ್ಕಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಸಾಲು ಸಾಲಾಗಿ ನಿಂತ ಸೈನಿಕರಲ್ಲಿ ಎಲ್ಲರ ಮೈಮೇಲೂ ಒಂದೇ ಬಗೆಯ ಒದ್ದೆ ಹೊಳಪು ಕಾಣುತ್ತದೆ. ಮೂರು ಪದರಗಳಲ್ಲಿ ಕೈಯಾರೆ ಮಾಡಿದ ನೇರಳೆ ಅಂಗಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ ಎಂದಷ್ಟೇ ಹೇಳುತ್ತೇನೆ.

ಲೀನ್ ನದಿಯ ದಂಡೆ

ಹಳೆಯಕ್ರಮ ಅವರೇ, ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿಡುವ ಒಂಟಿ ಗೊಂಬೆಯ ಬಗ್ಗೆ ನಿಮ್ಮ ಮಾತು ಸರಿ. ಆದರೆ ಪ್ರಶ್ನೆ ಕೇಳಿದವರು ಸೈನ್ಯ ಕಟ್ಟುತ್ತಿದ್ದಾರೆ, ಮತ್ತು ಸೈನ್ಯವನ್ನು ನೋಡುವುದು ಮೂರಡಿ ದೂರದಿಂದ. ಆ ದೂರದಲ್ಲಿ ಕಣ್ಣಿಗೆ ಬೇಕಾಗುವುದು ಸ್ಪಷ್ಟವಾದ ನೆರಳು, ಸ್ಪಷ್ಟವಾದ ಬೆಳಕು ಮತ್ತು ಒಟ್ಟು ಪಡೆಯ ಬಣ್ಣದ ಏಕರೂಪತೆ. ಈ ಮೂರನ್ನೂ ಕಾಂಟ್ರಾಸ್ಟ್ ಕೊಡುತ್ತದೆ.

ನಾನಿರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಕೇಂದ್ರ ಕಚೇರಿ ಇರುವುದೂ ಈ ಊರಿನಲ್ಲೇ. 2019ರ ಜೂನ್‌ನಲ್ಲಿ ಅವರು ಸಿಟಾಡೆಲ್ ಹೆಸರಿನಡಿ ಕಾಂಟ್ರಾಸ್ಟ್ ಬಣ್ಣಗಳನ್ನು ಹೊರತಂದಾಗ ಅವನ್ನು ಕಾಲ್ಪನಿಕ ಲೋಕದ ದೈತ್ಯರಿಗೂ ಬಾಹ್ಯಾಕಾಶದ ಯೋಧರಿಗೂ ಮಾಡಿದವು ಎಂದೇ ಎಲ್ಲರೂ ತಿಳಿದಿದ್ದರು. ಇತಿಹಾಸದ ಯುದ್ಧಗಳನ್ನು ಆಡುವವರು ಅವುಗಳ ಉಪಯೋಗ ಕಂಡುಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ, ಏಕೆಂದರೆ ಒಂದೇ ಸಮವಸ್ತ್ರದ ದೊಡ್ಡ ಪಡೆಗಳನ್ನು ಚಿತ್ರಿಸುವವರು ನಾವೇ. 2022ರಲ್ಲಿ ಡೆನ್ಮಾರ್ಕಿನ ಆರ್ಮಿ ಪೇಂಟರ್ ಕಂಪನಿಯ ಸ್ಪೀಡ್‌ಪೇಂಟ್ ಬಂತು, ಅದೇ ವರ್ಷ ಸ್ಪೇನಿನ ವಯೆಹೊ ಕಂಪನಿ ಎಕ್ಸ್‌ಪ್ರೆಸ್ ಕಲರ್ ತಂದಿತು. ಸ್ಪೀಡ್‌ಪೇಂಟ್‌ನ ಮೊದಲ ಆವೃತ್ತಿಗೆ ಒಂದು ಗುಣವಿತ್ತು: ಒಣಗಿದ ಮೇಲೂ ಒದ್ದೆ ಕುಂಚ ತಾಗಿದರೆ ಮತ್ತೆ ಕರಗಿ ಮೇಲಿನ ಪದರಕ್ಕೆ ಇಳಿದುಬರುತ್ತಿತ್ತು. 2023ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಗಂಜಾಂನವನು ಅವರು ಅಂಗಿಯ ಮೇಲೆ ಬಿಳಿ ಗುರುತು ಬರೆಯುವವರಾದ್ದರಿಂದ ಅಂಗಡಿಯಲ್ಲಿ ಹಳೆಯ ದಾಸ್ತಾನಿನ ಸೀಸೆ ಸಿಕ್ಕರೆ ಕೊಳ್ಳಬಾರದು. ಬಿಳಿಗೆ ನೇರಳೆ ಇಳಿಯುತ್ತದೆ.

ಪಣಂಬೂರು

ನಮ್ಮ ಕರಾವಳಿಯವರ ಕಷ್ಟವನ್ನೂ ಇಲ್ಲಿ ದಾಖಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಸ್ಪ್ರೇ ಡಬ್ಬಿಯ ಪ್ರೈಮರ್ ಸಿಂಪಡಿಸಿದರೆ ಗೊಂಬೆಯ ಮೇಲ್ಮೈ ಮರಳು ಮರಳಾಗುವ ಸಂಭವ ಹೆಚ್ಚು. ಸಾಮಾನ್ಯ ಬಣ್ಣದಲ್ಲಾದರೆ ಆ ಒರಟುತನ ಮುಚ್ಚಿಹೋಗುತ್ತದೆ. ಕಾಂಟ್ರಾಸ್ಟ್ ಹಾಗಲ್ಲ, ಪ್ರತಿಯೊಂದು ಕಣದ ಸುತ್ತಲೂ ಬಣ್ಣ ನಿಂತು ಸೈನಿಕನಿಗೆ ಸಿಡುಬು ಎದ್ದಂತೆ ತೋರಿಸುತ್ತದೆ. ಮಳೆಗಾಲದಲ್ಲಿ ಪ್ರೈಮರನ್ನು ಕುಂಚದಿಂದಲೋ ಏರ್‌ಬ್ರಶ್‌ನಿಂದಲೋ ಹಚ್ಚುವುದೇ ಒಳ್ಳೆಯದು. ಹೇಗಿದ್ದರೂ ಸ್ಪ್ರೇ ಡಬ್ಬಿಗಳನ್ನು ವಿಮಾನದ ಅಂಚೆಯಲ್ಲಿ ಕಳುಹಿಸುವಂತಿಲ್ಲವಾದ್ದರಿಂದ ವಿದೇಶದ ರೇತ್‌ಬೋನ್, ಗ್ರೇ ಸೀರ್ ಎಂಬ ಪ್ರೈಮರ್ ಡಬ್ಬಿಗಳಿಗೆ ಕಾಯುವುದಕ್ಕಿಂತ ಇಲ್ಲಿಯೇ ಸಿಗುವ ಬಿಳಿ ಪ್ರೈಮರ್ ಬಳಸಿ, ಬೇಕಾದರೆ ಅದರ ಮೇಲೆ ದಂತವರ್ಣದ ಒಂದು ತೆಳು ಪದರ ಕೊಟ್ಟರೆ ಸಾಕು.

ಸಣ್ಣಕುಂಚ

ಪಣಂಬೂರು ಅವರ ಮಾತಿಗೆ ಪೂರಕವಾಗಿ ಒಂದು ವಿಷಯ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಗಾಳಿ ಒಣಗಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಬಣ್ಣ ತಗ್ಗಿಗೆ ಇಳಿಯುವ ಮೊದಲೇ ಒಣಗತೊಡಗುತ್ತದೆ. ಗಂಜಾಂನವನು ಅವರು ಹೇಳಿದ ಅಂಚಿನ ಗೆರೆಗೆ ಇದೂ ಒಂದು ಕಾರಣವಿರಬಹುದು. ಫ್ಯಾನ್ ನಿಲ್ಲಿಸಿ, ಬೆನ್ನು, ಎದೆ, ತೋಳು ಎಂದು ಒಂದೊಂದು ಭಾಗವನ್ನು ಒಂದೇ ಉಸಿರಿನಲ್ಲಿ ಮುಗಿಸಿ. ತೆಳುವಾಗಿಸಬೇಕಾದರೆ ನೀರು ಬೆರೆಸಬೇಡಿ, ಅದಕ್ಕೆಂದೇ ಮಾರುವ ಕಾಂಟ್ರಾಸ್ಟ್ ಮೀಡಿಯಂ ಬೆರೆಸಿ. ನೀರು ಹೆಚ್ಚಾದರೆ ಮಾಧ್ಯಮದ ಹಿಡಿತ ತಪ್ಪಿ ವರ್ಣದ್ರವ್ಯವು ಅಂಚಿಗೆ ಹೋಗಿ ಕೂರುತ್ತದೆ.

ದಫ್ತರದವಳು

ಬಣ್ಣದ ಛಾಯೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನನಗೆ ಮುಖ್ಯವೆನಿಸುವುದು ಅದೇ. ದರಿಯಾ ದೌಲತ್ ಬಾಗ್‌ನ ಪಶ್ಚಿಮದ ಗೋಡೆಯ ಮೇಲಿರುವ 1780ರ ಪೊಲ್ಲಿಲೂರು ಯುದ್ಧದ ಚಿತ್ರವನ್ನು ನೋಡಿ ಬಣ್ಣ ಆರಿಸುವವರು ಬಹಳ ಮಂದಿ. ಆ ಚಿತ್ರ ಸೈನ್ಯದ ರಚನೆ, ಆನೆ ಕುದುರೆಗಳ ಅಲಂಕಾರ, ಬ್ರಿಟಿಷ್ ಕರ್ನಲ್ ಬೇಲಿಯ (Baillie) ಪಡೆಯ ಮಧ್ಯೆ ಸ್ಫೋಟಗೊಳ್ಳುವ ಮದ್ದಿನ ಬಂಡಿ ಇವುಗಳಿಗೆಲ್ಲ ಅಮೂಲ್ಯವಾದ ಆಧಾರ. ಛಾಯೆಗೆ ಮಾತ್ರ ಅದನ್ನು ನೆಚ್ಚಬಾರದು. ವೆಲ್ಲೆಸ್ಲಿ ಆ ಅರಮನೆಯಲ್ಲಿ ವಾಸವಿದ್ದಾಗ ಅದನ್ನು ದುರಸ್ತಿ ಮಾಡಿಸಿದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು. ನಾವಿಂದು ನೋಡುವ ಕೆಂಪು, ನೀಲಿಗಳು 1784ರ ಕಲಾವಿದರ ಕೈಯವೇ ಎಂದು ಹೇಳಲಾಗುವುದಿಲ್ಲ.

ಲಂಡನ್ನಿನಲ್ಲಿ ಬರೆದ ದೊಡ್ಡ ಚಿತ್ರಗಳ ಆಧಾರ ಇನ್ನೂ ದುರ್ಬಲ. ಶ್ರೀರಂಗಪಟ್ಟಣದ ಪತನವನ್ನು 1800ರಲ್ಲಿ ಭಾರೀ ಪನೋರಮವಾಗಿ ಪ್ರದರ್ಶಿಸಿದ ರಾಬರ್ಟ್ ಕೆರ್ ಪೋರ್ಟರ್ ಭಾರತವನ್ನೇ ನೋಡಿರಲಿಲ್ಲ. ಅವನಿಗಿಂತ ರಾಬರ್ಟ್ ಹೋಮ್ ನಂಬಿಕೆಗೆ ಅರ್ಹ. 1791ರಲ್ಲಿ ಮದ್ರಾಸಿಗೆ ಬಂದಿಳಿದ ಅವನು ಕಾರ್ನ್‌ವಾಲಿಸನ ಸೈನ್ಯದ ಜೊತೆ ಮೈಸೂರು ಸೀಮೆಗೆ ಬಂದವನು. ರಾಕೆಟ್ಟನ್ನೇ ಬಾವುಟದ ಕೋಲಾಗಿ ಹಿಡಿದು ನಿಂತ ಟಿಪ್ಪುವಿನ ಸೈನಿಕನ ಜಲವರ್ಣ ಅವನದೇ. ಆಗಿನ ಬ್ರಿಟಿಷ್ ವರ್ಣನೆಯೊಂದರಲ್ಲಿ ಕಾಲಾಳುಗಳ ಅಂಗಿ ನೇರಳೆ, ಅದರ ಮೇಲೆ ಬಿಳಿಯ ವಜ್ರಾಕೃತಿಯ ಗುರುತುಗಳು, ರುಮಾಲೂ ನಡುಪಟ್ಟಿಯೂ ಕೆಂಪು ಎಂದಿದೆ. ಈ ಎರಡನ್ನು ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ.

ಬತೇರಿ

ಅಂಗಿ ಮುಗಿದ ಮೇಲೆ ಎದೆಯ ಅಡ್ಡಪಟ್ಟಿಗಳಿಗೆ ಬಿಳಿ ಹಚ್ಚುವುದನ್ನು ಮರೆಯಬೇಡಿ, ಸೈನಿಕನಿಗೆ ಕಳೆ ಬರುವುದೇ ಅದರಿಂದ.

ದಫ್ತರದವಳು

ಬತೇರಿ ಅವರೇ, ಮೈಸೂರಿನ ಕಾಲಾಳುಗಳಿಗೆ ಬಿಳಿಯ ಅಡ್ಡಪಟ್ಟಿ ಬೇಡ. ನಾನು ಮೇಲೆ ಹೇಳಿದ ವರ್ಣನೆಯಲ್ಲೇ ಅವರ ಪಟ್ಟಿಗಳು ಸಾಮಾನ್ಯವಾಗಿ ಕಪ್ಪು ತೊಗಲಿನವು ಎಂದಿದೆ. ಬಿಳಿ ಪಟ್ಟಿ ಕಂಪನಿಯ ಸಿಪಾಯಿಗಳಿಗೆ ಮತ್ತು ಬ್ರಿಟಿಷ್ ರೆಜಿಮೆಂಟುಗಳಿಗೆ ಸರಿ. ಮೇಜಿನ ಮೇಲೆ ಎರಡೂ ಪಕ್ಷಗಳನ್ನು ಎದುರುಬದುರು ನಿಲ್ಲಿಸಿದಾಗ ಈ ಒಂದು ವಿವರವೇ ಮೈಸೂರಿನ ಸಾಲಿಗೆ ಬೇರೆಯೇ ಗಾಂಭೀರ್ಯ ಕೊಡುತ್ತದೆ.

ಬತೇರಿ

ಈ ವಿಷಯ ಚಿತ್ರಿಸುವವನಿಗೂ ಅನುಕೂಲವೇ. ನೇರಳೆಯ ಮೇಲೆ ಕಪ್ಪು ಒಂದೇ ಬಾರಿಗೆ ಕೂರುತ್ತದೆ, ಬಿಳಿಯಾಗಿದ್ದರೆ ಎರಡು ಮೂರು ಸಲ ಹಚ್ಚಬೇಕಾಗುತ್ತಿತ್ತು.

ಗಂಜಾಂನವನು

ದಫ್ತರದವಳು ಮೇಡಂ, ಬಹಳ ಉಪಕಾರವಾಯಿತು. ಹಾಗಾದರೆ ನೇರಳೆಗೆ ಕಾಂಟ್ರಾಸ್ಟ್ ಪಟ್ಟಿಯ ಶೈಯಿಶ್ ಪರ್ಪಲ್ ಸರಿಹೋಗುತ್ತದೆಯೇ? ಅದು ಬಿಳಿಯ ಮೇಲೆ ಬಹಳ ಗಾಢವಾಗಿ, ನೀಲಿಗೆ ವಾಲಿದಂತೆ ಕಾಣುತ್ತಿದೆ.

ಲೀನ್ ನದಿಯ ದಂಡೆ

ಶೈಯಿಶ್ ಪರ್ಪಲ್‌ಗೆ ಸಮಪ್ರಮಾಣದ ಮೀಡಿಯಂ ಬೆರೆಸಿ ನೋಡಿ. ಆ ಕಾಲದ ಬಟ್ಟೆಗೆ ಬಿಸಿಲು, ಮಳೆ, ಒಗೆತ ಎಲ್ಲವೂ ತಾಗುತ್ತಿದ್ದವು, ಆದ್ದರಿಂದ ಪಡೆಯಲ್ಲಿ ಕೆಲವರ ಅಂಗಿ ಗಾಢವಾಗಿಯೂ ಕೆಲವರದು ಮಾಸಿದಂತೆಯೂ ಇರುವುದು ಹೆಚ್ಚು ಸಹಜ. ಒಂದೇ ಸೀಸೆಯ ಬಣ್ಣಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಮೀಡಿಯಂ ಬೆರೆಸಿ ಇದನ್ನು ಸಾಧಿಸಬಹುದು. ಹಳೆಯ ಕ್ರಮದಲ್ಲಿ ಇಂಥ ವ್ಯತ್ಯಾಸ ತರಬೇಕಾದರೆ ಪ್ರತಿ ಛಾಯೆಗೂ ಮೂರು ಬಣ್ಣ ಕಲಸಬೇಕು.

ಹಳೆಯಕ್ರಮ

ಈ ಅನುಕೂಲವನ್ನು ನಾನು ಒಪ್ಪುತ್ತೇನೆ. ಆದರೆ ಬಬ್ರಿ ಗುರುತುಗಳ ವಿಷಯಕ್ಕೆ ಬರೋಣ. ಅಲ್ಲಿ ನಿಮ್ಮ ಹೊಸ ಬಣ್ಣ ಏನೂ ಮಾಡಲಾರದು, ಏಕೆಂದರೆ ಪಾರದರ್ಶಕ ಬಣ್ಣದಿಂದ ಗಾಢದ ಮೇಲೆ ತಿಳಿ ಬರೆಯುವುದು ಅಸಾಧ್ಯ. ಮೊದಲೇ ಬಿಳಿಯನ್ನು ಉಳಿಸಿಕೊಂಡು ಸುತ್ತಲೂ ನೇರಳೆ ತುಂಬುವೆನೆಂದರೆ ಹರಿಯುವ ಬಣ್ಣ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಗುರುತುಗಳನ್ನು ಆಮೇಲೆಯೇ, ಗಟ್ಟಿಯಾದ ಸಾಮಾನ್ಯ ಅಕ್ರಿಲಿಕ್‌ನಿಂದ ಬರೆಯಬೇಕು.

ನಾನು ಮಾಡುವ ಕ್ರಮ ಹೀಗಿದೆ. ಅಚ್ಚ ಬಿಳಿಯ ಬದಲು ದಂತವರ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿಕೊಳ್ಳುತ್ತೇನೆ. ಅತಿ ಸಣ್ಣ ಕುಂಚದಲ್ಲಿ ಬಣ್ಣ ತುದಿಗೆ ಬರುವ ಮೊದಲೇ ಒಣಗುತ್ತದೆ, ಹಾಗಾಗಿ ಚೂಪಾದ ತುದಿಯುಳ್ಳ 1ನೆಯ ಸಂಖ್ಯೆಯ ಕುಂಚವನ್ನೇ ಹಿಡಿಯುತ್ತೇನೆ. ಎದೆಯ ನಡುವಿನಿಂದ ಆರಂಭಿಸಿ ಒಂದು ಅಡ್ಡಸಾಲು ಮುಗಿಸಿ, ಮುಂದಿನ ಸಾಲಿನ ಗುರುತುಗಳು ಮೇಲಿನ ಸಾಲಿನ ಸಂದುಗಳ ಕೆಳಗೆ ಬರುವಂತೆ ಜೋಡಿಸಬೇಕು. ನೆರಿಗೆಯ ಆಳದಲ್ಲಿ ಗುರುತು ಬೇಡ, ಅದು ಉಬ್ಬಿನಿಂದ ಉಬ್ಬಿಗೆ ಹಾರಲಿ. ನಿಜವಾದ ಅಳತೆಯಲ್ಲಿ ಬರೆದರೆ ದೂರದಿಂದ ಅಂಗಿ ಬೂದಿಯಾಗಿ ಕಾಣುತ್ತದೆ. ಸ್ವಲ್ಪ ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಬರೆಯಬೇಕು.

ಸಣ್ಣಕುಂಚ

ಇಂಥ ಉತ್ತರಕ್ಕಾಗಿಯೇ ಹಳೆಯಕ್ರಮ ಅವರು ಚರ್ಚೆಯಲ್ಲಿರಬೇಕು.

ಮಲೆನಾಡ ಮಿಡಿ

ಮುಖ ಮತ್ತು ಕೈಕಾಲುಗಳ ಬಗ್ಗೆ ಕೇಳಬೇಕಿತ್ತು. ಕಾಂಟ್ರಾಸ್ಟ್ ಪಟ್ಟಿಯಲ್ಲಿ ಚರ್ಮಕ್ಕೆಂದು ಮೊದಲು ಕಣ್ಣಿಗೆ ಬೀಳುವ ಗಿಲಿಮನ್ ಫ್ಲೆಶ್ ಯುರೋಪಿನವರ ಮೈಬಣ್ಣಕ್ಕೆ ಮಾಡಿದ್ದು. ಅದನ್ನು ನಮ್ಮ ಸೈನಿಕರಿಗೆ ಹಚ್ಚಿದರೆ ಬಿಸಿಲಿಗೆ ಕೆಂಪಾದ ಪರದೇಶಿಯರಂತೆ ಕಾಣುತ್ತಾರೆ. ಬೇರೆಯವರು ಏನು ಬಳಸುತ್ತಿದ್ದಾರೆ?

ಲೀನ್ ನದಿಯ ದಂಡೆ

ಡಾರ್ಕೋತ್ ಫ್ಲೆಶ್ ಅಥವಾ ಗೋರ್-ಗ್ರಂಟಾ ಫರ್. ಎರಡೂ ಕಂದು, ಎರಡನೆಯದು ಸ್ವಲ್ಪ ಕೆಂಪಿನ ಕಡೆಗೆ.

ಪಣಂಬೂರು

ಒಂದೇ ಸೀಸೆಯಿಂದ ಇಡೀ ಪಡೆಯ ಮುಖ ಮುಗಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮೈಸೂರಿನ ಸೈನ್ಯದಲ್ಲಿ ಬೇಡರು, ಒಕ್ಕಲಿಗರು, ದಖ್ಖನಿನ ಮುಸಲ್ಮಾನರು ಎಲ್ಲರೂ ಇದ್ದರು. ಇಂದಿನ ನಮ್ಮ ಸಂತೆಯಲ್ಲಿ ನಿಂತು ನೋಡಿದರೆ ಎಷ್ಟು ಬಗೆಯ ಮೈಬಣ್ಣ ಕಾಣುತ್ತದೆಯೋ ಅಷ್ಟು ಅಲ್ಲಿಯೂ ಇರಲೇಬೇಕು. ನಾನು ಗೋರ್-ಗ್ರಂಟಾ ಫರ್ ಅನ್ನು ಆಧಾರವಾಗಿಟ್ಟುಕೊಂಡು, ಕೆಲವರಿಗೆ ಅದಕ್ಕೆ ವೈಲ್ಡ್‌ವುಡ್ ಎಂಬ ಗಾಢ ಕಂದನ್ನೂ ಕೆಲವರಿಗೆ ಸ್ನೇಕ್‌ಬೈಟ್ ಲೆದರ್ ಎಂಬ ಹಳದಿಗಂದನ್ನೂ ಬೆರೆಸುತ್ತೇನೆ. ಒಣಗಿದ ಮೇಲೆ ಮೂಗಿನ ತುದಿ, ಕೆನ್ನೆ ಮತ್ತು ಬೆರಳ ಗೆಣ್ಣುಗಳಿಗೆ ಸಾಮಾನ್ಯ ಬಣ್ಣದ ಒಂದೊಂದು ಚುಕ್ಕೆ ಕೊಟ್ಟರೆ ಮುಖಕ್ಕೆ ಜೀವ ಬರುತ್ತದೆ. ಅಷ್ಟು ಸಮಯವನ್ನು ಮುಖಕ್ಕೆ ಕೊಡಲೇಬೇಕು ಎಂಬುದು ನನ್ನ ನಿಲುವು, ಏಕೆಂದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಮಲೆನಾಡ ಮಿಡಿ

ಧನ್ಯವಾದಗಳು. ಸಿಪಾಯಿಗಳ ಮತ್ತು ಗೋರರ ಕೆಂಪು ಕೋಟಿನ ಬಗ್ಗೆಯೂ ಯಾರಾದರೂ ಹೇಳಿದರೆ ಚರ್ಚೆ ಪೂರ್ಣವಾಗುತ್ತದೆ.

ದಫ್ತರದವಳು

ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸೈನಿಕರ ಕೋಟು ಮಂಜಿಷ್ಠದ ಬೇರಿನಿಂದ ಬಣ್ಣ ಕಟ್ಟಿದ್ದು, ಸ್ವಲ್ಪ ಇಟ್ಟಿಗೆಗೆಂಪು. ಅಧಿಕಾರಿಗಳದು ಕೊಚಿನೀಲ್ ಎಂಬ ಕೀಟದಿಂದ ಬರುವ ಹೊಳೆಯುವ ಕಡುಗೆಂಪು. ಈ ಭೇದವನ್ನು ಗೊಂಬೆಗಳಲ್ಲೂ ತೋರಿಸಬೇಕು. 33ನೆಯ ರೆಜಿಮೆಂಟಿಗೆ ಕೊರಳಪಟ್ಟಿ ಮತ್ತು ತೋಳಂಚು ಕೂಡ ಕೆಂಪೇ ಆದ್ದರಿಂದ ಚಿತ್ರಿಸುವವರಿಗೆ ಸುಲಭ. 12ನೆಯದಕ್ಕೆ ಹಳದಿ, 74ನೆಯ ಹೈಲ್ಯಾಂಡರ್‌ಗಳಿಗೆ ಬಿಳಿ. ಮದ್ರಾಸಿನ ಸಿಪಾಯಿಗಳಿಗೆ ಕೆಂಪು ಕೋಟಿನ ಕೆಳಗೆ ಬಿಳಿಯ ಗಿಡ್ಡ ಚಡ್ಡಿ ಇರುತ್ತಿತ್ತು.

ಸಣ್ಣಕುಂಚ

ಹಾಗಿದ್ದರೆ ಅಧಿಕಾರಿಗಳಿಗೆ ಅಚ್ಚ ಬಿಳಿ ಪ್ರೈಮರ್ ಮೇಲೆ ಬ್ಲಡ್ ಏಂಜಲ್ಸ್ ರೆಡ್ ಹಚ್ಚಿ. ಸೈನಿಕರಿಗೆ ಅದೇ ಬಣ್ಣಕ್ಕೆ ತುಸು ಕಂದು ಬೆರೆಸಿ, ದಂತವರ್ಣದ ಪ್ರೈಮರ್ ಮೇಲೆ ಹಚ್ಚಿ. ಅಡಿಯ ಬಣ್ಣ ಬದಲಾದರೆ ಮೇಲಿನ ಕೆಂಪೇ ಬೇರೆಯಾಗುತ್ತದೆ ಎಂಬುದು ಈ ಬಣ್ಣಗಳ ದೊಡ್ಡ ಗುಣ.

ಇಲ್ಲಿ ಕೆಲಸದ ಅನುಕ್ರಮವೂ ಮುಖ್ಯ. ಕೋಟಿನ ಕೆಂಪು ಅಡ್ಡಪಟ್ಟಿಯ ಮೇಲೂ ಚಡ್ಡಿಯ ಮೇಲೂ ಹರಿದೇ ಹರಿಯುತ್ತದೆ, ಅದನ್ನು ತಡೆಯಲು ಹೆಣಗಬೇಡಿ. ಕೆಂಪು ಪೂರ್ತಿ ಒಣಗಿದ ಮೇಲೆ ಪಟ್ಟಿಗಳಿಗೆ ಮೊದಲು ತಿಳಿಬೂದು, ಅದರ ಮೇಲೆ ಬಿಳಿ ಎಂದು ಗಟ್ಟಿ ಬಣ್ಣ ಹಚ್ಚಿ. ಕೆಂಪಿನ ಮೇಲೆ ನೇರವಾಗಿ ಬಿಳಿ ಹಚ್ಚಿದರೆ ಗುಲಾಬಿ ಛಾಯೆ ಇಣುಕುತ್ತಲೇ ಇರುತ್ತದೆ. ಪಟ್ಟಿಯ ಎರಡು ಬದಿಗೂ ಕೆಂಪಿನ ಗಾಢ ಗೆರೆ ತಾನಾಗಿ ಉಳಿಯುವುದರಿಂದ ಪ್ರತ್ಯೇಕವಾಗಿ ಗೆರೆ ಎಳೆಯುವ ಶ್ರಮ ತಪ್ಪುತ್ತದೆ.

ಕೋರಮಂಗಲದ ಕಾರ್ಖಾನೆ

ಕಪ್ಪು ಪ್ರೈಮರ್ ಹಚ್ಚಿ, ಅದರ ಮೇಲೆ ಬೂದು, ಆಮೇಲೆ ಬಿಳಿ ಡ್ರೈಬ್ರಶ್ ಮಾಡಿ (ಬಹುತೇಕ ಒಣ ಕುಂಚದಿಂದ ಉಬ್ಬುಗಳಿಗೆ ಸವರಿ), ಕೊನೆಗೆ ಕಾಂಟ್ರಾಸ್ಟ್ ಹಚ್ಚುವ ಸ್ಲ್ಯಾಪ್‌ಚಾಪ್ ಕ್ರಮವನ್ನು ಇಲ್ಲಿ ಯಾರೂ ಪ್ರಸ್ತಾಪಿಸಲಿಲ್ಲವೇಕೆ? ನೆರಳು ಎಷ್ಟು ಆಳವಾಗಿ ಬರುತ್ತದೆಂದರೆ ಬೇರೇನೂ ಬೇಡ.

ಲೀನ್ ನದಿಯ ದಂಡೆ

ಆ ಕ್ರಮ ಗಾಢ ಬಣ್ಣಗಳಿಗೆ ಒಳ್ಳೆಯದು. ಕೆಂಪು ಮತ್ತು ಹಳದಿಗೆ ಕೆಳಗಿನ ಕಪ್ಪು ಸೇರಿ ಮಂಕಾಗುತ್ತವೆ, ಬಿಳಿ ಚಡ್ಡಿಗಳು ಮಸಿ ಮೆತ್ತಿದಂತೆ ಕಾಣುತ್ತವೆ. ಕೆಂಪು ಕೋಟು, ಬಿಳಿ ಚಡ್ಡಿಯ ಪಡೆಗೆ ಬೇಡ. ಡ್ರೈಬ್ರಶ್ ಉಳಿಸುವ ಒರಟು ಗೆರೆಗಳನ್ನೂ ಕಾಂಟ್ರಾಸ್ಟ್ ಎತ್ತಿ ತೋರಿಸುತ್ತದೆ ಎಂಬುದನ್ನು ನೆನಪಿಡಬೇಕು.

ಕೋರಮಂಗಲದ ಕಾರ್ಖಾನೆ

ಮೈಸೂರಿನ ಪಡೆಗಂತೂ ಅಡ್ಡಿಯಿಲ್ಲವಲ್ಲ. ನೇರಳೆ ಗಾಢ ಬಣ್ಣವೇ ತಾನೇ.

ಹಳೆಯಕ್ರಮ

ಅಂಗಿಗೆ ಅಡ್ಡಿಯಿಲ್ಲ. ಅದೇ ಗೊಂಬೆಯ ಕೆಂಪು ರುಮಾಲಿಗೆ ಅಡ್ಡಿಯಿದೆ.

ಮಲೆನಾಡ ಮಿಡಿ

ವಿದೇಶದ ಸೀಸೆಗಳು ಸಿಗದವರು ಅಕ್ರಿಲಿಕ್ ಇಂಕ್‌ಗೆ ಕಲಾವಿದರ ಮ್ಯಾಟ್ ಮೀಡಿಯಂ, ಹರಿವು ಹೆಚ್ಚಿಸುವ ದ್ರವ ಮತ್ತು ಒಣಗುವುದನ್ನು ತಡಮಾಡುವ ರಿಟಾರ್ಡರ್ ಸೇರಿಸಿ ಮನೆಯಲ್ಲೇ ಇಂಥ ಬಣ್ಣ ಮಾಡಿಕೊಳ್ಳಬಹುದೆಂದು ನನ್ನ ಅನುಭವ. ಕಂದು ಮತ್ತು ನೀಲಿ ಚೆನ್ನಾಗಿ ಬರುತ್ತವೆ. ರಿಟಾರ್ಡರ್ ಮಾತ್ರ ಹನಿ ಲೆಕ್ಕದಲ್ಲಿರಲಿ, ಹೆಚ್ಚಾದರೆ ಬಣ್ಣ ಮರುದಿನವೂ ಬೆರಳಿಗೆ ಅಂಟುತ್ತದೆ.

ಪಣಂಬೂರು

ಅಂಟುವ ಮಾತು ಬಂದದ್ದರಿಂದ ವಾರ್ನಿಶ್ ಬಗ್ಗೆ ಎಚ್ಚರಿಸುತ್ತೇನೆ. ಉಬ್ಬುಗಳ ಮೇಲೆ ಪದರ ತೀರಾ ತೆಳುವಾಗಿರುವುದರಿಂದ ಈ ಬಣ್ಣ ಕೈತಾಗಿ ಬೇಗ ಸವೆಯುತ್ತದೆ. ಬಂದೂಕಿನ ತುದಿಯಲ್ಲೂ ರುಮಾಲಿನ ನೆತ್ತಿಯಲ್ಲೂ ಬಿಳಿ ಮೊದಲು ಕಾಣಿಸಿಕೊಳ್ಳುತ್ತದೆ. ಚಿತ್ರಿಸುವಾಗಲೇ ಗೊಂಬೆಯನ್ನು ಒಂದು ಹಿಡಿಗೆ ಅಂಟಿಸಿಕೊಳ್ಳಬೇಕು, ಬೆರಳಿನಿಂದ ಹಿಡಿಯಬಾರದು. ಆಟಕ್ಕೆ ಇಳಿಸುವ ಮೊದಲು ವಾರ್ನಿಶ್ ಕಡ್ಡಾಯ. ಮೊದಲು ಹೊಳಪಿನದು, ಅದು ಗಟ್ಟಿಯಾದ ಮೇಲೆ ಹೊಳಪಿಲ್ಲದ್ದು. ಹಳೆಯಕ್ರಮ ಅವರು ಹೇಳಿದ ಒದ್ದೆ ಹೊಳಪು ಎರಡನೆಯ ಪದರದಿಂದ ಪೂರ್ತಿ ಹೋಗುತ್ತದೆ. ತೇವದ ದಿನ ಸ್ಪ್ರೇ ವಾರ್ನಿಶ್ ಹೊಡೆದರೆ ಬಿಳಿ ಮಂಜು ಕವಿಯುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಕುಂಚದಿಂದ ಹಚ್ಚುವ ವಾರ್ನಿಶ್ಶೇ ಸುರಕ್ಷಿತ.

ಗಂಜಾಂನವನು

ಎಲ್ಲರಿಗೂ ಕೃತಜ್ಞತೆಗಳು. ಇನ್ನುಳಿದದ್ದು ರಾಕೆಟ್ಟುಗಳು ಮತ್ತು ಎತ್ತುಗಳು. ರಾಕೆಟ್ಟಿನ ನಳಿಗೆಗೆ ಯಾವ ಬಣ್ಣ?

ಮಲೆನಾಡ ಮಿಡಿ

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸನಗರ ತಾಲ್ಲೂಕಿನ ನಗರದ ಒಂದು ಹಾಳು ಬಾವಿಯಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ವ ಇಲಾಖೆಯವರು ಹೊರತೆಗೆದರು. ಅವು ಕಬ್ಬಿಣದ ನಳಿಗೆಗಳು. ಕಾಗದದ ನಳಿಗೆಯ ಬಾಣಗಳಿಗಿಂತ ಮೈಸೂರಿನವು ದೂರ ಹೋಗುತ್ತಿದ್ದುದಕ್ಕೆ ಕಬ್ಬಿಣವು ಒಳಗಿನ ಒತ್ತಡವನ್ನು ತಡೆದುಕೊಳ್ಳುತ್ತಿದ್ದುದೇ ಕಾರಣ. ಬಾವಿಯಿಂದ ಬಂದವು ತುಕ್ಕು ಹಿಡಿದಿವೆ ಎಂದು ನಿಮ್ಮ ಸೈನಿಕರ ಕೈಯಲ್ಲಿರುವುದಕ್ಕೂ ತುಕ್ಕಿನ ಬಣ್ಣ ಹಚ್ಚಬೇಡಿ; ಬಳಕೆಯಲ್ಲಿದ್ದ ಕಬ್ಬಿಣ ಕಪ್ಪಾಗಿರುತ್ತದೆ.

ಸಣ್ಣಕುಂಚ

ಹಾಗಾದರೆ ಬೆಳ್ಳಿಯ ಲೋಹಬಣ್ಣ ಹಚ್ಚಿ, ಅದರ ಮೇಲೆ ಮೀಡಿಯಂ ಬೆರೆಸಿದ ಬ್ಲ್ಯಾಕ್ ಟೆಂಪ್ಲರ್ ಹರಿಸಿ. ಲೋಹದ ಮಿನುಗು ಒಳಗಿನಿಂದ ಕಾಣುತ್ತಲೇ ಕಬ್ಬಿಣ ಕಪ್ಪಾಗುತ್ತದೆ. ನಳಿಗೆಗೆ ಕಟ್ಟಿದ ಬಿದಿರಿಗೆ ಸ್ಕೆಲಿಟನ್ ಹೋರ್ಡ್, ಬಿಗಿದ ತೊಗಲಿನ ಪಟ್ಟಿಗೆ ವೈಲ್ಡ್‌ವುಡ್. ಈ ಮೂರಕ್ಕೂ ತಲಾ ಒಂದೇ ಲೇಪ ಸಾಕು.

ಲೀನ್ ನದಿಯ ದಂಡೆ

ಕೆಲವು ರಾಕೆಟ್ಟುಗಳಿಗೆ ಬಿದಿರಿನ ಬದಲು ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು, ಅದನ್ನು ಬೇರೆ ಲೋಹಬಣ್ಣದಲ್ಲಿ ಹೊಳೆಯುವಂತೆ ಬಿಡಿ. ಕಂಚಿನ ಫಿರಂಗಿಗಳಿಗೂ ಇದೇ ಉಪಾಯ ನಡೆಯುತ್ತದೆ. ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಹುಲಿಮುಖದ ಫಿರಂಗಿಗಳನ್ನು ನೋಡಿದ್ದೇನೆ. ಹುಲಿಯ ಹಲ್ಲು, ಮೀಸೆಗಳ ಕೆತ್ತನೆ ಎಷ್ಟು ಆಳವೆಂದರೆ ಗೊಂಬೆಯ ಅಳತೆಯಲ್ಲೂ ಬಂಗಾರದ ಲೋಹಬಣ್ಣದ ಮೇಲೆ ಕಂದು ಕಾಂಟ್ರಾಸ್ಟ್ ಹರಿಸಿದರೆ ಪ್ರತಿ ಗೆರೆ ಎದ್ದುಬರುತ್ತದೆ. ಅಲ್ಲಿರುವ ಟಿಪ್ಪುವಿನ ಡೇರೆಯೂ ಅಚ್ಚಿನ ಹೂಗಳ ಬಿಳಿ ಹತ್ತಿಬಟ್ಟೆಯದು. ಮೇಜಿನ ಮೇಲೆ ಶಿಬಿರ ಮಾಡುವವರು ಡೇರೆಗಳನ್ನು ಬರಿಯ ಬಿಳಿಯಾಗಿ ಬಿಡುವ ಅಗತ್ಯವಿಲ್ಲ.

ಗಂಜಾಂನವನು

ಎತ್ತುಗಳು?

ದಫ್ತರದವಳು

ಫಿರಂಗಿ ಎಳೆಯುವ ಜೋಡಿಗಳಿಗೆ ಅಮೃತ ಮಹಲ್ ತಳಿಯನ್ನೇ ಬರೆಯಿರಿ, ಇದು ಅಂದಾಜಿನ ಮಾತಲ್ಲ. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟವನೇ ಟಿಪ್ಪು, ಮತ್ತು ಮೈಸೂರಿನ ಫಿರಂಗಿಗಳು ಬ್ರಿಟಿಷರದಕ್ಕಿಂತ ಚುರುಕಾಗಿ ಚಲಿಸುತ್ತಿದ್ದುದಕ್ಕೆ ಆ ಎತ್ತುಗಳೇ ಕಾರಣ. ಮೈ ಬಿಳಿಬೂದಿನಿಂದ ಗಾಢ ಬೂದಿನವರೆಗೆ ಇರುತ್ತದೆ, ಕುತ್ತಿಗೆ, ಭುಜ ಮತ್ತು ಹಿಂಭಾಗ ಹೆಚ್ಚು ಕಪ್ಪಾಗಿರುತ್ತವೆ. ಕೊಂಬುಗಳು ಬುಡದಲ್ಲಿ ಹತ್ತಿರವಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುತ್ತವೆ, ತುದಿ ಕಪ್ಪು.

ಹಳೆಯಕ್ರಮ

ಇದಕ್ಕೆ ಕಾಂಟ್ರಾಸ್ಟ್ ಬಿಟ್ಟು ಬೇರೆ ಬಣ್ಣ ಬೇಡವೆಂದು ನಾನೇ ಹೇಳುತ್ತೇನೆ. ಬಿಳಿಯ ಮೇಲೆ ಅಪಾಥೆಕರಿ ವೈಟ್ ಎಂಬ ತಿಳಿಬೂದನ್ನು ಇಡೀ ಮೈಗೆ ಹಚ್ಚಿ. ಅದು ಒದ್ದೆಯಿರುವಾಗಲೇ ಕುತ್ತಿಗೆಗೂ ಹಿಂಭಾಗಕ್ಕೂ ಮೀಡಿಯಂ ಬೆರೆಸಿದ ಬೆಸಿಲಿಕಾನಮ್ ಗ್ರೇ ತಾಗಿಸಿದರೆ ಎರಡು ಬೂದುಗಳು ಗೆರೆಯಿಲ್ಲದೆ ಒಂದರೊಳಗೊಂದು ಇಳಿಯುತ್ತವೆ. ಪದರದ ಮೇಲೆ ಪದರ ಹಚ್ಚಿ ಈ ಮೃದುತ್ವ ತರಲು ಒಂದು ಎತ್ತಿಗೇ ಒಂದು ಸಂಜೆ ಹಿಡಿಯುತ್ತದೆ.

ಗಂಜಾಂನವನು

ಹಾಗಾದರೆ ಎತ್ತುಗಳಿಂದಲೇ ಆರಂಭಿಸುತ್ತೇನೆ. ಅಂಗಿಯ ಗುರುತುಗಳಿಗೆ 1ನೆಯ ಸಂಖ್ಯೆಯ ಕುಂಚ ತರಿಸಬೇಕು, ಅದು ಬರುವವರೆಗೆ ಬೂದು ಸಾಕು.

ಬತೇರಿ

ಕೊಂಬಿನ ಬುಡಕ್ಕೆ ಸ್ಕೆಲಿಟನ್ ಹೋರ್ಡ್, ತುದಿಗೆ ಬ್ಲ್ಯಾಕ್ ಟೆಂಪ್ಲರ್. ನಡುವೆ ಎರಡನ್ನೂ ಒದ್ದೆಯಲ್ಲೇ ಸೇರಿಸಿ. ಗೊರಸಿಗೂ ಅದೇ ಕಪ್ಪು ನಡೆಯುತ್ತದೆ.